ರಾತ್ರಿ ಸರಿಯಿದ್ದ ಬ್ಯಾಟರಿ ಬೆಳಿಗ್ಗೆ ಖಾಲಿ: ಕಳ್ಳ ಎಲ್ಲಿದ್ದಾನೆ?

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ರಾತ್ರಿ ನಿಲ್ಲಿಸುವಾಗ ಎಲ್ಲವೂ ಸರಿ, ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಿಕ್ ಟಿಕ್ ಸದ್ದು ಮಾತ್ರ. ಎರಡು ತಿಂಗಳ ಹಿಂದೆಯಷ್ಟೇ 35 ಆಂಪಿಯರ್ ಅವರ್‌ನ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಈಗ ಗ್ಯಾರೇಜಿನವರು, ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಬದಲಿಸಬೇಕು ಎನ್ನುತ್ತಿದ್ದಾರೆ. ದಿನಕ್ಕೆ ಓಡಿಸುವುದು ಐದಾರು ಕಿಲೋಮೀಟರ್. ಕಳೆದ ವರ್ಷ ಮ್ಯೂಸಿಕ್ ಸಿಸ್ಟಂ, ರಿವರ್ಸ್ ಕ್ಯಾಮೆರಾ ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದೆ. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ದಯವಿಟ್ಟು ಆಲ್ಟರ್ನೇಟರ್‌ಗೆ ಈಗಲೇ ದುಡ್ಡು ಹಾಕಬೇಡಿ. ಅಳೆದು ನೋಡದೆ ಒಂದೊಂದೇ ಭಾಗ ಬದಲಿಸುತ್ತ ಹೋಗುವುದರಿಂದಲೇ ಕಾರಿನವರ ಜೇಬು ಖಾಲಿಯಾಗುವುದು. ನಿಮಗೆ ಬೇಕಿರುವುದು ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಮಲ್ಟಿಮೀಟರ್, ಒಂದು 10 ನಂಬರ್ ಸ್ಪ್ಯಾನರ್, ಎರಡು ರಾತ್ರಿಯ ತಾಳ್ಮೆ.

ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಿಂದ ಪೂರ್ತಿ ಚಾರ್ಜ್ ಮಾಡಿಸಿ. ಐದಾರು ಕಿಲೋಮೀಟರ್ ಓಟದಲ್ಲಿ, ಬರಿದಾದ ಬ್ಯಾಟರಿ ತುಂಬುವುದಿಲ್ಲ. ಒಂದೆರಡು ಗಂಟೆ ಬಿಟ್ಟು ಅಳೆದರೆ 12.6 ವೋಲ್ಟ್ ಆಸುಪಾಸು ತೋರಬೇಕು. 12.2 ಎಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಬಂದರೆ ಹೆಚ್ಚುಕಡಿಮೆ ಬರಿದು ಎಂದೇ ತಿಳಿಯಿರಿ. ಆ ರಾತ್ರಿ ನೆಗೆಟಿವ್ ವೈರ್ ಬಿಚ್ಚಿಟ್ಟು ಮಲಗಿ. ಬೆಳಿಗ್ಗೆ ಮತ್ತೆ ಅಳೆಯಿರಿ. ವೈರ್ ಇಲ್ಲದೆಯೂ ವೋಲ್ಟೇಜ್ ಗಮನಾರ್ಹವಾಗಿ ಇಳಿದಿದ್ದರೆ ದೋಷ ಬ್ಯಾಟರಿಯೊಳಗೇ ಇದೆ, ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋಗಿ. ಇಳಿಯದಿದ್ದರೆ ಕರೆಂಟ್ ಕುಡಿಯುತ್ತಿರುವುದು ಕಾರು.

ಇಲ್ಲಿ ಒಂದು ಸಣ್ಣ ಲೆಕ್ಕ ಬಹಳ ನೆರವಾಗುತ್ತದೆ. ಗಡಿಯಾರ, ಅಲಾರಂ, ಕಂಪ್ಯೂಟರಿನ ನೆನಪು ಇವುಗಳಿಗೆ ನಿಂತ ಕಾರಿನಲ್ಲೂ 20ರಿಂದ 50 ಮಿಲಿಆಂಪಿಯರ್ ಬೇಕು, ಅದು ಸಹಜ. 50 ಮಿಲಿಆಂಪಿಯರ್ ಎಂದರೆ ದಿನವಿಡೀ ಸೇರಿ 1.2 ಆಂಪಿಯರ್ ಅವರ್ ಅಷ್ಟೆ, ತುಂಬಿದ ನಿಮ್ಮ ಬ್ಯಾಟರಿಯಲ್ಲಿರುವುದು 35. ಡಿಕ್ಕಿಯ 5 ವಾಟ್ ದೀಪ ಉರಿಯುತ್ತಲೇ ಇದ್ದರೆ ಹತ್ತು ಗಂಟೆಗೆ ಸುಮಾರು 4 ಆಂಪಿಯರ್ ಅವರ್ ಹೋಗುತ್ತದೆ. ತುಂಬಿದ ಹೊಸ ಬ್ಯಾಟರಿ ಇದನ್ನು ಒಂದು ರಾತ್ರಿ ಸುಲಭವಾಗಿ ತಾಳುತ್ತದೆ. ಆದರೆ ದಿನವೂ ನಾಲ್ಕು ಹೋಗಿ ಒಂದೋ ಎರಡೋ ಮಾತ್ರ ತುಂಬಿದರೆ? ವಾರ ಕಳೆಯುವಷ್ಟರಲ್ಲಿ ನಿಮ್ಮ ಕಾರಿನಂತೆಯೇ ಆಗುತ್ತದೆ. ಹೀಗೆ ಪದೇ ಪದೇ ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಎರಡೇ ತಿಂಗಳಲ್ಲಿ ಅದು ಮುದುಕನಾಗುತ್ತದೆ.

ಕಾರೇ ಕುಡಿಯುತ್ತಿದೆ ಎಂದಾದರೆ, ಎಲ್ಲಿ ಎಂದು ಹುಡುಕೋಣ. ಮಲ್ಟಿಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ. ಬಿಚ್ಚಿದ ನೆಗೆಟಿವ್ ವೈರ್ ಮತ್ತು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ನಡುವೆ ಮೀಟರ್ ಬರಬೇಕು. ಹೀಗಿರುವಾಗ ಕೀಲಿ ತಿರುಗಿಸಲೇಬೇಡಿ. ಸೆಲ್ಫ್ ಎಳೆಯುವ ನೂರಾರು ಆಂಪಿಯರ್‌ಗೆ ಮೀಟರ್‌ನ ಫ್ಯೂಸ್, ಇಲ್ಲವೇ ಮೀಟರೇ ಸುಟ್ಟು ಹೋಗುತ್ತದೆ. ಫ್ಯೂಸ್ ಪೆಟ್ಟಿಗೆ ಒಳಗಿದ್ದರೆ ಬಾಗಿಲು ತೆರೆದಿಟ್ಟು, ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಆಮೇಲೆ ಬಾಗಿಲು ಹಾಕುವ ಮುನ್ನ ಹಿಡಿಕೆ ಎಳೆದು ಅದನ್ನು ಬಿಡಿಸಲು ಮರೆಯಬೇಡಿ. ಈಗ ಅರ್ಧ ಗಂಟೆ ಕಾಯಿರಿ. ಮೊದಲಿಗೆ ಮೀಟರ್ ಒಂದೆರಡು ಆಂಪಿಯರ್ ತೋರಿಸಿದರೂ ಗಾಬರಿ ಬೇಡ, ಕಾರಿನ ಕಂಪ್ಯೂಟರ್‌ಗಳು ನಿದ್ದೆಗೆ ಜಾರಬೇಕು. ಕಾಯದೆ ಅಳೆದವರೇ ಹೆಚ್ಚಾಗಿ ಏಮಾರುವುದು.

ಅರ್ಧ ಗಂಟೆಯ ನಂತರವೂ 0.05 ಆಂಪಿಯರ್‌ಗಿಂತ (ಅಂದರೆ 50 ಮಿಲಿಆಂಪಿಯರ್‌ಗಿಂತ) ಗಮನಾರ್ಹವಾಗಿ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಸರ್ರನೆ ಕುಸಿಯುತ್ತದೋ ಆ ದಾರಿಯಲ್ಲೇ ಕಳ್ಳನಿದ್ದಾನೆ.

ನನ್ನ ಅನುಮಾನ ನಿಮ್ಮ ಮ್ಯೂಸಿಕ್ ಸಿಸ್ಟಂ ಮೇಲಿದೆ. ಸಾಮಾನ್ಯವಾಗಿ ಅದರ ಹಿಂದೆ ಎರಡು ವೈರ್ ಇರುತ್ತವೆ: ಹಳದಿಗೆ ಸದಾ ಕರೆಂಟ್ ಬೇಕು, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ. ಅವಸರದಲ್ಲಿ ಹಾಕುವವರು ಎರಡನ್ನೂ ಹೆಣೆದು ಹಳದಿಯ ಜಾಗಕ್ಕೇ ಸುತ್ತಿಬಿಡುತ್ತಾರೆ. ಆಗ ಪರದೆ ಕಪ್ಪಾಗಿದ್ದರೂ ಒಳಗೆ ಸೆಟ್ ಎಚ್ಚರವಾಗಿಯೇ ಇರುತ್ತದೆ. ರಾತ್ರಿ ಕಾರು ನಿಲ್ಲಿಸಿ ಎರಡು ಗಂಟೆಯ ನಂತರ ಸೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಉತ್ತರ ಸಿಕ್ಕಂತೆ. ಕೆಂಪು ವೈರನ್ನು ಕೀಲಿಯ ಲೈನಿಗೆ ಸೇರಿಸುವುದು ಕಾರಿನ ಎಲೆಕ್ಟ್ರಿಷಿಯನ್‌ಗೆ ದೊಡ್ಡ ಕೆಲಸವಲ್ಲ. ಡಿಕ್ಕಿಯ ದೀಪವನ್ನೂ ಬಿಡಬೇಡಿ. ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿ. ಒಂದು ನಿಮಿಷ ಬಿಟ್ಟು ತೆಗೆದು ನೋಡಿದರೆ ದೀಪ ಆರಿತೋ ಇಲ್ಲವೋ ಕಣ್ಣಾರೆ ಕಾಣುತ್ತದೆ.

ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಕದಲದಿದ್ದರೆ ಮಾತ್ರ ಆಲ್ಟರ್ನೇಟರ್‌ನತ್ತ ತಿರುಗಿ. ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ಕೊಡುತ್ತಿದ್ದರೂ ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಕೆಟ್ಟು, ನಿಂತಾಗ ಕರೆಂಟ್ ಹಿಂದಕ್ಕೆ ಸೋರಬಹುದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರ್‌ನ ದಪ್ಪ ವೈರನ್ನೂ ಬಿಚ್ಚಿ ಅದರ ತುದಿಗೆ ಟೇಪ್ ಸುತ್ತಿ, ಮೀಟರನ್ನು ಮೊದಲಿನಂತೆ ಜೋಡಿಸಿ ಅಳೆಯಿರಿ. ಅಂಕಿ ಬಿದ್ದರೆ ಗ್ಯಾರೇಜಿನವರ ಮಾತು ನಿಜ. ಆಗಲೂ ಡಯೋಡ್ ಸೆಟ್ ಮಾತ್ರ ಬದಲಿಸಲು ಆಗುತ್ತದೆಯೇ ಎಂದು ಕೇಳಿ.

ದೋಷ ಸರಿಪಡಿಸಿದ ಮೇಲೆ ಬ್ಯಾಟರಿಯನ್ನು ಮತ್ತೆ ಪೂರ್ತಿ ಚಾರ್ಜ್ ಮಾಡಿಸಿ, ಈ ಸಲ ವೈರ್ ಬಿಚ್ಚದೆ ರಾತ್ರಿ ಕಳೆಯಲು ಬಿಡಿ. ಬೆಳಿಗ್ಗೆ 12.5ಕ್ಕಿಂತ ಕೆಳಗಿಳಿಯದಿದ್ದರೆ ಕೆಲಸ ಆಯಿತು. ವಾರಕ್ಕೊಮ್ಮೆ ಭದ್ರಾವತಿಗೆ ಒಂದು ಸುತ್ತು ಹೋಗಿ ಬನ್ನಿ, ಚಾರ್ಜ್ ತುಂಬಲು ನಿಮ್ಮ ಕಾರಿಗೆ ಅಂಥ ಓಟ ಬೇಕು.