ಬಿಪಿ ಮಾತ್ರೆ ತಗೊಳ್ಳುವ ವಯಸ್ಸಾದವರಿಗೆ ಹಾಸಿಗೆಯಿಂದ ಏಳುವಾಗ ತಲೆ ಸುತ್ತುವುದೇಕೆ?

ಎದ್ದು ನಿಂತ ಕೂಡಲೇ ಬಿಪಿ ಒಮ್ಮೆಲೇ ಇಳಿಯುವುದೇ ಸಾಮಾನ್ಯ ಕಾರಣ. ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ಒತ್ತಡದ ಸಂವೇದಕಗಳು ಅದನ್ನು ಗುರುತಿಸಿ ನಾಳಗಳನ್ನು ಬಿಗಿಗೊಳಿಸಬೇಕು. ವಯಸ್ಸಾದಂತೆ ನಾಳಗಳು ಪೆಡಸಾಗಿ ಈ ಕೆಲಸ ನಿಧಾನವಾಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ, ಪ್ರೋಸ್ಟೇಟ್ ಮಾತ್ರೆ ಅದನ್ನು ಇನ್ನಷ್ಟು ಕೆಡಿಸಬಹುದು.

ರಾತ್ರಿ ಮೂತ್ರಕ್ಕೆ ಏಳುವಾಗಲೇ ಬೀಳುವ ಭಯ ಜಾಸ್ತಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಏನಾದರೂ ಹಿಡಿದೇ ಏಳಿ.

ಐದು ನಿಮಿಷ ಮಲಗಿ ಬಿಪಿ ನೋಡಿ. ನಿಂತ ಮೇಲೆ 1ನೇ, 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಮಾತ್ರ ದಯವಿಟ್ಟು ನೀವೇ ನಿಲ್ಲಿಸಬೇಡಿ.