ಕೋಲು ಹಾಕುವ ಮೊದಲು ಗಾಡಿ ಎಲ್ಲಿ ನಿಂತಿದೆ ನೋಡಿ

ಪುಣೆ ಹತ್ತಿರದ ಚಾಕಣದಲ್ಲಿ ಒಂದೇ ಲಾರಿ, ಮೈಲೇಜ್ ಲೀಟರ್‌ಗೆ 4.2 ಕಿಲೋಮೀಟರಿನಿಂದ 3.6ಕ್ಕೆ ಬಿದ್ದಿದೆ, ಡ್ರೈವರ್ ಡೀಸೆಲ್ ಹೊಡೀತಿದ್ದಾನೆ, ಅಂದರೆ ಕದೀತಿದ್ದಾನೆ, ಟ್ಯಾಂಕಿಗೆ ಡೀಸೆಲ್ ಅಳೆಯುವ ಸೆನ್ಸರ್ ಹಾಕಿಸಲಾ ಇಲ್ಲಾ ಡ್ರೈವರನ್ನೇ ಬದಲಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ‘ಹೊಡೀತಿದ್ದಾನೆ’ ಅಂತ ಆಗಲೇ ತೀರ್ಪು ಕೊಟ್ಟುಬಿಟ್ಟಿದ್ದೀರಲ್ಲ, ನಾನೂ ಅಲ್ಲೇ ಎಡವಿದ್ದು.

2023ರ ಜುಲೈ. ನನ್ನದು 2018ರ ಹನ್ನೆರಡು ಚಕ್ರದ ಗಾಡಿ, ಸೆಕೆಂಡ್ ಹ್ಯಾಂಡ್. ನವಿ ಮುಂಬೈ ಹತ್ತಿರದ ಕಲಂಬೋಲಿ ಸ್ಟೀಲ್ ಮಾರ್ಕೆಟ್‌ನಿಂದ ಹುಬ್ಬಳ್ಳಿಗೆ ಪ್ಲೇಟ್ ಲೋಡು. ಓಡಿಸುತ್ತಿದ್ದವರು ನಮ್ಮ ಸಿಂದಗಿ ತಾಲೂಕಿನವರೇ. ಐವತ್ತೈದು ದಾಟಿದ ಮನುಷ್ಯ. ನಾನು ಅವರಿಗೆ ಕಾಕಾ ಅಂತಿದ್ದೆ, ಅವರು ನನಗೆ ತಮ್ಮಾ ಅಂತಿದ್ದರು.

ಆಗ ಗಡಿ ದಾಟಿ ಕರ್ನಾಟಕದ ನಿಪ್ಪಾಣಿಗೆ ಬಂದರೆ ಡೀಸೆಲ್ ಲೀಟರ್‌ಗೆ ನಾಲ್ಕೈದು ರೂಪಾಯಿ ಕಮ್ಮಿ. ಹಾಗಾಗಿ ಕಲಂಬೋಲಿಯಲ್ಲಿ ನಾವು ಯಾರೂ ಟ್ಯಾಂಕ್ ಫುಲ್ ಮಾಡಿಸುತ್ತಿರಲಿಲ್ಲ. ಗಡಿ ಮುಟ್ಟುವಷ್ಟು ಹಾಕಿಸಿ, ಆಚೆ ಹೋಗಿ ತುಂಬಿಸೋದು. ಹಿಂದಿನ ರಾತ್ರಿ ನಾನೇ ನಿಂತು ಡೀಸೆಲ್ ಹಾಕಿಸಿ, ಟ್ಯಾಂಕಿನೊಳಗೆ ಲೀಟರಿನ ಗೀಟು ಇರುವ ಅಳತೆ ಕೋಲು ಬಿಟ್ಟು ನೋಡಿದ್ದೆ. 150 ಲೀಟರ್.

ಬೆಳಗಿನ ಐದಕ್ಕೆ ಗಾಡಿ ಬಿಟ್ಟಿತು. ಎಂಟಕ್ಕೆ ಕಾಕಾನ ಫೋನ್. "ತಮ್ಮಾ, ಗಾಡಿ ಘಾಟ್‌ನ್ಯಾಗ ಬಂದ್ ಬಿದ್ದೈತಿ. ಎಳ್ಯಾಕ ಒಲ್ಲದು." ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಖಂಡಾಳ ಘಾಟ್, ಹಳೇ ಅಮೃತಾಂಜನ್ ಸೇತುವೆ ಇತ್ತಲ್ಲ, 2020ರ ಲಾಕ್‌ಡೌನ್‌ನಲ್ಲಿ ಕೆಡವಿದರಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ. ಮಳೆ ಅಂದರೆ ಮಳೆ. ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡಲ್ಲ, ಗೊತ್ತಲ್ವಾ. ಅತ್ತ ಹೊರಟಿದ್ದ ಗೆಳೆಯನ ಗಾಡಿ ಹತ್ತಿಕೊಂಡೆ. ಎರಡು ತಾಸು ಜಾಮ್. ಆ ಎರಡು ತಾಸಿನಲ್ಲಿ ಗೆಳೆಯ ನನ್ನ ಕಿವಿ ತುಂಬಿದ. ಯಾವ ಧಾಬಾದಲ್ಲಿ ಎಷ್ಟಕ್ಕೆ ಡೀಸೆಲ್ ತಗೋತಾರೆ, ಪೈಪ್ ಹಾಕಿ ಹೇಗೆ ಎಳೀತಾರೆ, ಅವನ ಡ್ರೈವರ್ ಹೇಗೆ ಸಿಕ್ಕಿಬಿದ್ದ, ಎಲ್ಲಾ. ಇಳಿಯುವ ಹೊತ್ತಿಗೆ ನನಗೆ ಗಾಡಿ ಯಾಕೆ ನಿಂತಿದೆ ಅನ್ನೋ ಪ್ರಶ್ನೆಯೇ ತಲೆಯಲ್ಲಿ ಉಳಿದಿರಲಿಲ್ಲ. ಡೀಸೆಲ್ ಎಷ್ಟಿದೆ ಅನ್ನೋದೊಂದೇ.

ನೇರ ಹೋಗಿ ಟ್ಯಾಂಕಿನ ಬೀಗ ತೆಗೆದು ಕೋಲು ಬಿಟ್ಟೆ. 78 ಲೀಟರ್ ತೋರಿಸಿತು.

ಕಲಂಬೋಲಿಯಿಂದ ಅಲ್ಲಿಗೆ ಐವತ್ತು ಕಿಲೋಮೀಟರ್ ಇಲ್ಲ. ಲೋಡು, ಘಾಟ್, ಜಾಮ್ ಎಲ್ಲಾ ಹಿಡಿದರೂ 20 ಲೀಟರ್ ಹೋಗಬೇಕು. 130 ಇರಬೇಕಾದ ಕಡೆ 78. ಅಂದರೆ 52 ಲೀಟರ್ ಇಲ್ಲ. ಕಾಕಾ ಪಕ್ಕದಲ್ಲೇ ತಲೆ ಮೇಲೆ ಗೋಣಿಚೀಲ ಹೊದ್ದು ನಿಂತಿದ್ದರು. ನಾನು ಕೇಳಿದೆ: "ಎಷ್ಟಕ್ಕ ಮಾರಿದಿ?"

ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ. ‘ಮಾರಿದ್ರಿ’ ಅನ್ನಲಿಲ್ಲ, ‘ಮಾರಿದಿ’ ಅಂದೆ. ಆರು ವರ್ಷದಲ್ಲಿ ಮೊದಲ ಸಲ. ಅದೂ ಗೆಳೆಯ, ಎರಡು ಗಾಡಿಯ ಕ್ಲೀನರ್‌ಗಳು, ಗಾಡಿ ಸರಿಸಿ ಅಂತ ಬಂದಿದ್ದ ಪೆಟ್ರೋಲಿಂಗ್‌ನವರು, ಎಲ್ಲರ ಎದುರು. ಕಾಕಾ ಜಗಳ ಆಡಲಿಲ್ಲ. ನನ್ನ ಕೈಯಿಂದ ಕೋಲು ತಗೊಂಡು ಹೆಗಲ ವಸ್ತ್ರದಲ್ಲಿ ಒರೆಸಿದರು. "ಸಮ ಜಾಗಾದಾಗ ಹಾಕಿ ನೋಡ್ ತಮ್ಮಾ" ಅಂದರು. ಅಷ್ಟೇ.

ಈ ಮಾತು ನನಗೆ ಆಗ ನೆಪ ಅನ್ನಿಸಿತ್ತು. ನಿಮಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾಗಬೇಡಿ, ಯಾಕಂದರೆ ನನ್ನ ಇಡೀ ನಷ್ಟ ಇದೇ ಲೆಕ್ಕದಲ್ಲಿದೆ.

ನನ್ನ ಟ್ಯಾಂಕ್ ಸುಮಾರು 400 ಲೀಟರಿನದು. ಒಳಗೆ 110 ಸೆಂಟಿಮೀಟರ್ ಉದ್ದ, 60 ಅಗಲ. ಗುಣಿಸಿ ನೋಡಿ, ಒಂದು ಸೆಂಟಿಮೀಟರ್ ಎತ್ತರ ಅಂದರೆ ಆರೂವರೆ ಲೀಟರ್ ಚಿಲ್ಲರೆ. ಕೋಲಿನ ಮೇಲೆ ಒಂದು ಬೆರಳಿನ ದಪ್ಪ ಆಚೀಚೆ ಆದರೆ ಹತ್ತು ಲೀಟರ್ ಹೋಯಿತು, ಇಲ್ಲಾ ಬಂತು. ಈಗ ಟ್ಯಾಂಕಿನ ಬಾಯಿ ಎಲ್ಲಿದೆ ನೋಡಿ. ನಟ್ಟನಡುವೆ ಇದ್ದಿದ್ದರೆ ತಾಪತ್ರಯ ಇರಲಿಲ್ಲ. ನನ್ನದರಲ್ಲಿ ಬಾಯಿ ಮುಂದಿನ ತುದಿಗಿದೆ, ನಡುವಿನಿಂದ ಒಂದು 40 ಸೆಂಟಿಮೀಟರ್ ಮುಂದಕ್ಕೆ. ಘಾಟ್ ಹತ್ತುವಾಗ ಗಾಡಿಯ ಮೂತಿ ಮೇಲೆ, ಬಾಲ ಕೆಳಗೆ. ಡೀಸೆಲ್ ಹಿಂದಕ್ಕೆ ಹೋಗಿ ಕೂರುತ್ತದೆ. ಇಪ್ಪತ್ತಕ್ಕೆ ಒಂದರಷ್ಟು ಏರು ಇದ್ದರೂ ಸಾಕು, ಬಾಯಿ ಇರುವ ಕಡೆ ಮಟ್ಟ ಎರಡು ಸೆಂಟಿಮೀಟರ್ ಇಳಿಯಿತು. 13 ಲೀಟರ್ ಅಲ್ಲೇ ಮಾಯ. ಅದು ಸಾಲದು ಅಂತ ಗಾಡಿಯ ಎಡಗಡೆ ಚಕ್ರ ರಸ್ತೆ ಬಿಟ್ಟು ಮಣ್ಣಿಗೆ ಇಳಿದಿತ್ತು. ಟ್ಯಾಂಕ್ ಇರೋದು ಬಲಕ್ಕೆ, ಬಾಯಿ ಅದರ ಹೊರ ಅಂಚಿಗೆ. ಡೀಸೆಲ್ ಒಳಗಡೆಗೆ ವಾಲಿಕೊಂಡಿತ್ತು. ಇನ್ನೊಂದು ಐದು ಲೀಟರ್ ಮಾಯ. ಒಟ್ಟು 18 ಲೀಟರ್ ಟ್ಯಾಂಕಿನಲ್ಲೇ ಇತ್ತು, ಕೋಲಿಗೆ ಸಿಗಲಿಲ್ಲ.

ರಾತ್ರಿ ಪಂಪಿನ ಸಿಮೆಂಟ್ ನೆಲದ ಮೇಲೆ ನೋಡಿದ ಅಳತೆಯನ್ನೂ ಬೆಳಿಗ್ಗೆ ಘಾಟ್‌ನ ಏರಿನಲ್ಲಿ ನೋಡಿದ ಅಳತೆಯನ್ನೂ ಕಳೆದು ಒಬ್ಬ ಮನುಷ್ಯನನ್ನು ಕಳ್ಳ ಅಂದೆ. ಹತ್ತನೇ ಕ್ಲಾಸಿನ ಹುಡುಗನೂ ಮಾಡದ ತಪ್ಪು. ಕೋಲಿನ ಮೇಲೆ ಗೀಟು ಇತ್ತು, ಗೀಟಿನ ಮೇಲೆ ಅಂಕಿ ಇತ್ತು, ಅಂಕಿ ಸುಳ್ಳು ಹೇಳಲ್ಲ ಅಂದುಕೊಂಡೆ.

ಮೆಕ್ಯಾನಿಕ್ ಖೋಪೋಲಿಯಿಂದ ಹನ್ನೆರಡಕ್ಕೆ ಬಂದ. ಹ್ಯಾಂಡ್ ಪಂಪ್ ಹೊಡೆದು, ಡೀಸೆಲ್ ಫಿಲ್ಟರಿನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲ ಮಾಡಿದ. ಸೋಪಿನ ನೊರೆ ಥರ ಬುಸುಬುಸು ಅಂತ ಗುಳ್ಳೆ ಬಂತು. ಒಂದು ನಿಮಿಷ ಹೊಡೆದರೂ ನೊರೆ ನಿಲ್ಲಲಿಲ್ಲ. ಎಲ್ಲೋ ಗಾಳಿ ಎಳೀತಿದೆ ಅಂತ ಮಳೆಯಲ್ಲೇ ಚಾಸಿ ಕೆಳಗೆ ಮಲಗಿದ. ಒಳಗಿಂದಲೇ ಕೂಗಿದ: "ಪೈಪ್ ಘಾಸ್ಲಾಯ್, ಶೇಠ್." ಉಜ್ಜಿಹೋಗಿದೆ ಅಂತ. ನಾನೂ ಬಗ್ಗಿ ಟಾರ್ಚ್ ಬಿಟ್ಟೆ. ಟ್ಯಾಂಕಿನಿಂದ ಇಂಜಿನ್‌ಗೆ ಹೋಗುವ ಪೈಪು, ಮಿಕ್ಕ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪು, ಎರಡೂ ಜೊತೆಜೊತೆಗೆ ಹೋಗುತ್ತವೆ. ಎರಡನ್ನೂ ಹಿಡಿದಿಡುವ ಕ್ಲಿಪ್ ಇರಲಿಲ್ಲ. ಬೈಂಡಿಂಗ್ ವೈರಿನಲ್ಲಿ ಕಟ್ಟಿದ್ದರು. ಅದು ಕಡಿದು ಎರಡೂ ಪೈಪು ಚಾಸಿ ಅಂಚಿಗೆ ತಿಕ್ಕಿ ತಿಕ್ಕಿ ತೂತಾಗಿದ್ದವು. ಒಂದರಿಂದ ಗಾಳಿ ಒಳಗೆ, ಇನ್ನೊಂದರಿಂದ ಡೀಸೆಲ್ ಹೊರಗೆ. ಇಂಜಿನ್ ಚಾಲೂ ಇದ್ದಾಗ ಮಾತ್ರ ಸೋರುತ್ತದೆ, ನಿಂತಾಗ ಒಂದು ಹನಿ ಇಲ್ಲ. ಸೋರಿದ್ದನ್ನು ಮಳೆ ತೊಳೆದುಕೊಂಡು ಹೋಗಿತ್ತು.

ಕ್ಲಿಪ್ ಯಾಕಿರಲಿಲ್ಲ? ಮೂರು ವಾರದ ಹಿಂದೆ ನಾನೇ ಡೀಸೆಲ್ ಕಳುವಾಗದಿರಲಿ ಅಂತ ಟ್ಯಾಂಕಿನ ಬಾಯಿಗೆ ಜಾಲಿ, ಅಂದರೆ ತಂತಿಯ ಜಾಲರಿ, ಮತ್ತು ಬೀಗ ಹಾಕಿಸಿದ್ದೆ. ರಸ್ತೆ ಬದಿಯ ಫಿಟ್ಟರ್ ಟ್ಯಾಂಕ್ ಇಳಿಸುವಾಗ ಕ್ಲಿಪ್ ಬಿಚ್ಚಿದ್ದ, ವಾಪಸ್ ಹಾಕಿರಲಿಲ್ಲ. "ತಮ್ಮಾ, ಪೈಪಿಗೆ ವಾಯರ್ ಸುತ್ತ್ಯಾನ, ಕ್ಲಿಪ್ ತರಸು" ಅಂತ ಕಾಕಾ ಎರಡು ಸಲ ಹೇಳಿದ್ದರು. ನೋಡೋಣ ಅಂದಿದ್ದೆ.

ರಬ್ಬರ್ ಟ್ಯೂಬು, ಕ್ಲಾಂಪು ಹಾಕಿ ಗಾಡಿಯನ್ನು ಹೇಗೋ ಮೇಲೆ ಹತ್ತಿಸಿ ಒಂದು ಧಾಬಾದ ಅಂಗಳದಲ್ಲಿ ನಿಲ್ಲಿಸಿದೆವು. ಸಮ ನೆಲ. ಕೋಲು ಹಾಕಿದರೆ 94. ಹತ್ತಿ ಬರಲು ಎರಡು ಲೀಟರ್ ಹಿಡಿಯಿರಿ, 96. ಮೆಕ್ಯಾನಿಕ್ ರಿಟರ್ನ್ ಪೈಪಿನ ತೂತಿಗೆ ಕಟ್ಟಿದ್ದನ್ನು ಬಿಚ್ಚಿ, ಇಂಜಿನ್ ಚಾಲೂ ಮಾಡಿ, ಕೆಳಗೆ ಒಂದು ಲೀಟರಿನ ನೀರಿನ ಬಾಟಲಿ ಹಿಡಿದ. ಎಂಟು ನಿಮಿಷಕ್ಕೆ ತುಂಬಿತು. ಮೂರು ತಾಸಿಗೆ 22 ಲೀಟರ್ ಅಂತ ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆ. 52ರಲ್ಲಿ ಕೋಲಿನ ಸುಳ್ಳು 18, ಸೋರಿದ್ದು 22. ಇನ್ನೂ 12 ಲೀಟರ್ ಹೊಂದಲಿಲ್ಲ. ಜಾಮಿನಲ್ಲಿ ಹೋಯಿತೋ, ಓಡುವಾಗ ಜಾಸ್ತಿ ಸೋರಿತೋ, ಇವತ್ತಿಗೂ ಗೊತ್ತಿಲ್ಲ. ಕಾಕಾ ಅವತ್ತೇನೂ ತೆಗೆದಿರಲಿಲ್ಲ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ 12 ಲೀಟರಿಗೆ ನಾನು ಅಂದ ಮಾತು ಎಲ್ಲಿ?

ಹುಬ್ಬಳ್ಳಿಗೆ ಲೋಡು ಮುಟ್ಟಿಸಿ, ಅಲ್ಲಿಂದ ಬಂದ ಲೋಡನ್ನೂ ಇಳಿಸಿ ಐದನೇ ದಿನ ಕಾಕಾ ಮನೆಗೆ ಬಂದರು. ಲೆಕ್ಕದ ಪುಸ್ತಕ ಇಟ್ಟರು. ಟೋಲು, ಹಮಾಲಿ, ಚಹಾದ ತನಕ ಬರೆದಿದ್ದರು. ಕೊನೇ ಸಾಲು, "ಕೊಲ್ಹಾಪುರ, ಪೈಪ್ ಕ್ಲಿಪ್ 2, ರೂ. 40". ಅದರ ಕೆಳಗೆ ಗೀಟು ಎಳೆದು ಕೂಡಿಸಿದ್ದರು. ಉಳಿದ 310 ರೂಪಾಯಿ, ಚಾವಿ, ಟ್ಯಾಂಕಿನ ಬೀಗದ ಚಾವಿ ಬೇರೆ. "ಊರಾಗ ಹೊಲದ ಕೆಲಸ ಐತಿ" ಅಂದರು. ನಾನು ತಪ್ಪಾಯ್ತು ಅಂದೆ. "ಇರಲಿ ಬಿಡು" ಅಂದರು. ಹೊಲಕ್ಕೇನೂ ಹೋಗಲಿಲ್ಲ, ಮುಂದಿನ ತಿಂಗಳೇ ಕಲಂಬೋಲಿಯಲ್ಲಿ ಬೇರೆಯವರ ಗಾಡಿ ಮೇಲೆ ಕಂಡರು.

ಆಮೇಲೆ ನನ್ನ ಗಾಡಿ ಹತ್ತೊಂಬತ್ತು ದಿನ ನಿಂತಿತು. ಕಂತು ನಿಲ್ಲುತ್ತಾ? ಇಲ್ಲ. ನಾಲ್ಕು ತಿಂಗಳಲ್ಲಿ ಮೂವರು ಡ್ರೈವರ್‌ಗಳು. ಅದರಲ್ಲಿ ಒಬ್ಬ ನಿಜವಾಗಿ ಕದ್ದ. ನನ್ನ ಜಾಲಿ, ಬೀಗ ಮುಟ್ಟಲೂ ಇಲ್ಲ. ಪಂಪಿನಲ್ಲಿ 40 ಲೀಟರ್ ಹಾಕಿಸಿ 50ಕ್ಕೆ ಬಿಲ್ ತಗೊಳ್ಳೋದು, ಮಿಕ್ಕ ದುಡ್ಡು ಅರ್ಧ ಅರ್ಧ. ಇನ್ನೊಬ್ಬ ಮೈಲೇಜ್ ಭರ್ಜರಿ ಕೊಡುತ್ತಿದ್ದ. ನಾನು ಖುಷಿ. ಆಮೇಲೆ ಕ್ಲೀನರ್ ಬಾಯಿಬಿಟ್ಟ, ಇಳಿಜಾರಿನಲ್ಲೆಲ್ಲಾ ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಡ್ತಾನಂತೆ.

ಅದಕ್ಕೇ ನಿಮಗೆ ಹೇಳೋದು, ‘ಇಷ್ಟು ಮೈಲೇಜ್ ಬರಲಿಲ್ಲ ಅಂದರೆ ಪಗಾರ ಕಟ್’ ಅಂತ ಮಾತ್ರ ಮಾಡಬೇಡಿ. ನೀವು ಬರೆದಿರೋದು ನೋಡಿದರೆ ಆ ಯೋಚನೆಯೂ ಇದ್ದಂತಿದೆ. ನೀವು ಪುಣೆಯವರು, ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ರಸ್ತೆ ನಿಮಗೆ ಗೊತ್ತು. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿತ್ತು. ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಸುತ್ತಿದ್ದ ಅಂತ ಪೊಲೀಸರು ಹೇಳಿದ್ದರು. ಎರಡು ಲೀಟರ್ ಉಳಿಸೋಕೆ.

ಸೆನ್ಸರ್ ಕೆಟ್ಟದ್ದು ಅಂತಲ್ಲ. ಅದೂ ಟ್ಯಾಂಕಿನ ಒಳಗೆ ನಿಲ್ಲಿಸಿದ ಒಂದು ಕೋಲೇ. ಗಾಡಿ ವಾಲಿದರೆ ಅದೂ ವಾಲಿದ ಲೆಕ್ಕವನ್ನೇ ಕೊಡುತ್ತದೆ, ನೀವು ಆಫೀಸಿನಲ್ಲಿ ಕೂತು ಗ್ರಾಫ್ ನೋಡಿ ಫೋನ್ ಎತ್ತುತ್ತೀರಿ. ಬಿಲ್ ಕಳ್ಳತನ ಹಿಡಿಯಲಿಕ್ಕೆ ಬರುತ್ತದೆ, ಅದಕ್ಕೆ ಹಾಕಿಸುವುದಾದರೆ ಹಾಕಿಸಿ, ಆದರೆ ಆಮೇಲೆ.

ಮೊದಲು ಎರಡು ಟ್ರಿಪ್ ಟ್ಯಾಂಕ್ ಟು ಟ್ಯಾಂಕ್ ನೋಡಿ. ಅದೇ ಪಂಪು, ಅದೇ ಜಾಗ, ಬಾಯಿ ತನಕ ಫುಲ್. ಓಡಿದ ಕಿಲೋಮೀಟರನ್ನು ಮತ್ತೆ ಫುಲ್ ಆಗಲು ಹಿಡಿದ ಲೀಟರಿನಿಂದ ಭಾಗಿಸಿ. ಪಂಪಿನ ಮೇಲೇ ಅನುಮಾನ ಇದ್ದರೆ ಐದು ಲೀಟರಿನ ಅಳತೆ ಕ್ಯಾನ್ ಕೇಳಿ, ಎಲ್ಲಾ ಪಂಪಿನಲ್ಲೂ ಇಟ್ಟಿರಲೇಬೇಕು, ನಿಮ್ಮೆದುರೇ ಹಾಕಿ ತೋರಿಸಬೇಕು. ಇದು ಸುಮ್ನೆ ಹೇಳುವ ಮಾತಲ್ಲ, 2017ರಲ್ಲಿ ಠಾಣೆ ಪೊಲೀಸರು ಪಂಪುಗಳಲ್ಲಿ ಚಿಪ್ ಕೂರಿಸಿ ಕಮ್ಮಿ ಹಾಕೋದನ್ನು ಹಿಡಿದಿದ್ದರು. ಆಮೇಲೆ ಏರ್ ಫಿಲ್ಟರ್, ಇಂಜಿನ್‌ಗೆ ಗಾಳಿ ಹೋಗುವ ಟರ್ಬೋ ಹೋಸ್, ಗಾಳಿ ಕಮ್ಮಿ ಇರುವ ಟೈರು. ಒಂದು ಟ್ರಿಪ್ ಮುಗಿದ ಕೂಡಲೇ ಎಲ್ಲಾ ಚಕ್ರದ ಬ್ರೇಕ್ ಡ್ರಮ್ಮಿನ ಹತ್ತಿರ ಕೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಮಾತ್ರ ಕಾದ ಹಂಚಿನ ಥರ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ, ನಿಮ್ಮ ಡೀಸೆಲ್ ಅಲ್ಲಿ ಸುಡುತ್ತಿದೆ. 4.2ರಿಂದ 3.6ಕ್ಕೆ ಇಳಿಯಲು ಇಷ್ಟರಲ್ಲಿ ಎರಡು ಸಾಕು, ಕಳ್ಳ ಬೇಕಾಗಿಲ್ಲ.

ಮತ್ತೆ ಒಂದು ಟ್ರಿಪ್ ಜೊತೆಗೆ ಹೋಗಿ ಬನ್ನಿ. ಕಾವಲಿಗಲ್ಲ. ನೀವು ಕೊಡುವ ಭತ್ತಾದಲ್ಲಿ ಎರಡು ಹೊತ್ತು ಊಟ, ಸ್ನಾನ, ಚಹಾ, ದಾರಿ ಖರ್ಚು ಆಗುತ್ತಾ ಅಂತ ನೀವೇ ತಿಂದು ನೋಡಲಿಕ್ಕೆ. ಆಗದಿದ್ದರೆ ಅದು ಎಲ್ಲಿಂದ ಬರುತ್ತಿದೆ ಅಂತ ನಾನು ಹೇಳಬೇಕಾಗಿಲ್ಲ.

ನಾಳೆ ಬೆಳಿಗ್ಗೆ ಇಂಜಿನ್ ಚಾಲೂ ಇಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಪಕ್ಕದಿಂದ ಬಗ್ಗಿ ಟಾರ್ಚ್ ಬಿಟ್ಟು ನೋಡಿ. ಪೈಪಿನ ಮೇಲೆ ಧೂಳು ಕಪ್ಪಗೆ ಅಂಟಿ ಒದ್ದೆಯಾಗಿರುವ ಜಾಗ ಇದೆಯಾ? ಕ್ಲಿಪ್ ಎಲ್ಲಾ ಇವೆಯಾ, ಇಲ್ಲಾ ಎಲ್ಲಾದರೂ ವೈರ್ ಸುತ್ತಿದ್ದಾರಾ? ಒಂದು ಫೋಟೋ ತೆಗೆದು ಇಲ್ಲೇ ಹಾಕಿ. ಟ್ಯಾಂಕಿನ ಬಾಯಿ ಯಾವ ತುದಿಗಿದೆ ಅನ್ನೋದೂ ಕಾಣುವ ಹಾಗೆ ತೆಗೆಯಿರಿ.