ಎಕೋ ಆಯ್ತಲ್ಲ, ಮತ್ತೆ ಸಿಟಿ ಸ್ಕ್ಯಾನ್ ಯಾಕೆ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮಮ್ಮಂಗೆ 71 ವರ್ಷ, ಮೆಟ್ಲು ಹತ್ತಿದ್ರೆ ಏದುಸಿರು ಬರುತ್ತೆ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡ್ಸಿದ್ವಿ, ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮೈಗೆಲ್ಲ ರಕ್ತ ಹೋಗೋ ಬಾಗಿಲು) ಕಿರಿದಾಗಿದೆ, ಏರಿಯಾ 0.8 ಚದರ ಸೆಂ.ಮೀ., ಮೀನ್ ಗ್ರೇಡಿಯಂಟ್ (ವಾಲ್ವಿನ ಎರಡು ಕಡೆಯ ಒತ್ತಡದ ಸರಾಸರಿ ವ್ಯತ್ಯಾಸ) 28, ಪಂಪಿಂಗ್ 60 ಪರ್ಸೆಂಟ್ ಅಂತ ಬಂದಿದೆ. ಈಗ ಸಿಟಿ ಬೇಕು ಅಂತಿದ್ದಾರೆ. ಎಕೋ ಸರಿಯಾಗಿ ಆಗಿಲ್ವಾ? ರೇಡಿಯೇಷನ್ ಇಲ್ದಿರೋ ಎಂಆರ್‌ಐ ಮಾಡ್ಸಬಾರ್ದಾ, ಅದು ಇನ್ನೂ ದೊಡ್ಡ ಟೆಸ್ಟ್ ಅಲ್ವಾ?

ಉತ್ತರ: ದೊಡ್ಡ ಟೆಸ್ಟ್, ಚಿಕ್ಕ ಟೆಸ್ಟ್ ಅನ್ನೋ ಲೆಕ್ಕ ಬಿಟ್ಬಿಡಿ. ವಾಲ್ವ್ ವಿಷಯದಲ್ಲಿ ಎಕೋನೇ ಮೊದಲು, ಯಾಕಂದ್ರೆ ವಾಲ್ವ್ ತೆರೆದು ಮುಚ್ಚೋದು, ರಕ್ತ ಎಷ್ಟು ಜೋರಾಗಿ ನುಗ್ತಿದೆ ಅನ್ನೋದು ಎಲ್ಲ ಅಲ್ಲೇ ಕಣ್ಣಿಗೆ ಕಾಣುತ್ತೆ. ಆದ್ರೆ ನಿಮ್ಮಮ್ಮನ ರಿಪೋರ್ಟಲ್ಲಿರೋ ಎರಡು ನಂಬರ್ ಒಂದಕ್ಕೊಂದು ಹೊಂದ್ತಿಲ್ಲ ನೋಡಿ. ಏರಿಯಾ 1ಕ್ಕಿಂತ ಕಮ್ಮಿ ಇದೆ ಅಂದ್ರೆ ತೀವ್ರ, ಗ್ರೇಡಿಯಂಟ್ 40 ದಾಟಿಲ್ಲ ಅಂದ್ರೆ ತೀವ್ರ ಅಲ್ಲ. ಯಾವುದನ್ನ ನಂಬೋದು?

ಹೀಗಾಗೋಕೆ ಎರಡು ಕಾರಣ ಇರಬಹುದು. ವಯಸ್ಸಾದವರಲ್ಲಿ, ಅದ್ರಲ್ಲೂ ಬಿಪಿ ಇರೋ ಹೆಂಗಸರಲ್ಲಿ, ಹೃದಯದ ಗೋಡೆ ದಪ್ಪ ಆಗಿ ಒಳಗಿನ ಜಾಗನೇ ಕಮ್ಮಿ ಆಗಿರುತ್ತೆ, ಆಗ ಪಂಪಿಂಗ್ 60 ಪರ್ಸೆಂಟ್, ಅಂದ್ರೆ ನಾರ್ಮಲ್ ಇದ್ರೂ ಒಂದು ಬಡಿತಕ್ಕೆ ಹೊರಗೆ ಹೋಗೋ ರಕ್ತ ಕಮ್ಮಿನೇ, ಅದಕ್ಕೆ ವಾಲ್ವ್ ಕಿರಿದಾಗಿದ್ರೂ ಗ್ರೇಡಿಯಂಟ್ ಏರಲ್ಲ. ನಲ್ಲಿ ತಿರುಗ್ಸಿದ್ದೇ ಸ್ವಲ್ಪ ಆದ್ರೆ ಪೈಪಿನ ಬಾಯಿ ಎಷ್ಟು ಒತ್ತಿ ಹಿಡಿದ್ರೂ ನೀರು ಚಿಮ್ಮಲ್ಲ, ಹಾಗೆ. ಇನ್ನೊಂದು, ಅಳತೆ ತಪ್ಪಿರಬಹುದು. ವಾಲ್ವ್ ಕೆಳಗಿನ ದಾರಿಯ ಅಗಲ ಅಳೆದು, ಅದು ಗುಂಡಗಿದೆ ಅಂತ ಇಟ್ಕೊಂಡು, ವರ್ಗ ಮಾಡಿ ಏರಿಯಾ ತೆಗೀತಾರೆ, 20 ಮಿ.ಮೀ. ಇರೋದನ್ನ 18 ಅಂತ ಅಳೆದ್ರೆ ಏರಿಯಾ ಸುಮಾರು 19 ಪರ್ಸೆಂಟ್ ಕಮ್ಮಿ ಬಂದ್ಬಿಡುತ್ತೆ. ಎಷ್ಟೇ ಪಳಗಿದ ಕೈ ಆದ್ರೂ ಈ 2 ಮಿ.ಮೀ. ತಪ್ಪೋದು ಉಂಟು.

ಸಿಟಿ ಈ ಜಗಳನ ಬೇರೆ ದಾರೀಲಿ ಬಿಡಿಸುತ್ತೆ. ರಕ್ತದ ಹರಿವಿನ ತಂಟೆಗೇ ಹೋಗಲ್ಲ, ವಾಲ್ವ್ ಮೇಲೆ ಕ್ಯಾಲ್ಸಿಯಂ ಎಷ್ಟು ಕೂತಿದೆ ಅಂತ ಎಣಿಸುತ್ತೆ. ಹೆಂಗಸರಲ್ಲಿ ಸ್ಕೋರ್ 1200 ದಾಟಿದ್ರೆ ತೀವ್ರ ಇರೋ ಸಾಧ್ಯತೆ ಹೆಚ್ಚು, 800ಕ್ಕಿಂತ ಕೆಳಗಿದ್ರೆ ಕಮ್ಮಿ. ಗಂಡಸರಿಗೆ ಗೆರೆ 2000, ಹೆಂಗಸರ ವಾಲ್ವ್ ಕ್ಯಾಲ್ಸಿಯಂ ಅಷ್ಟಿಲ್ದೆನೂ ನಾರುಗಟ್ಟಿ ಬಿಗಿಯಾಗುತ್ತೆ, ಅದಕ್ಕೆ. ರಿಪೋರ್ಟ್ ಬಂದಾಗ ಈ ಹೆಂಗಸರ ಗೆರೆಗೇ ಹೋಲಿಸಿದ್ದಾರಾ ಅಂತ ದಯವಿಟ್ಟು ಕೇಳಿ. ಈ ಸ್ಕ್ಯಾನಿಗೆ ಡೈ ಇಂಜೆಕ್ಷನ್ ಬೇಡ, ಕೆಲವೇ ನಿಮಿಷ, ರೇಡಿಯೇಷನ್ನೂ ಕಮ್ಮಿ. ಮುಂದೆ ತೊಡೆಯ ರಕ್ತನಾಳದಿಂದ ಹೊಸ ವಾಲ್ವ್ ಕೂರ್ಸೋದು ಅಂತಾದ್ರೆ ಸೈಜ್ ಅಳೆಯೋಕೆ ಡೈ ಹಾಕಿ ಮಾಡೋ ಸಿಟಿ ಬೇರೆ, ಅದಕ್ಕೆ ಮೊದ್ಲು ಕಿಡ್ನಿ ಟೆಸ್ಟ್ ನೋಡ್ಕೊಳ್ಳಬೇಕು.

ಎಂಆರ್‌ಐ ಒಳ್ಳೇದೇ, ಆದ್ರೆ ಈ ಪ್ರಶ್ನೆಗಲ್ಲ. ಕ್ಯಾಲ್ಸಿಯಂ ಅದಕ್ಕೆ ಸರಿಯಾಗಿ ಕಾಣಲ್ಲ. ಎಂಆರ್‌ಐ ನಿಜವಾಗ್ಲೂ ಉಪಯೋಗಕ್ಕೆ ಬರೋದು ಲೀಕ್ ಇರೋ ವಾಲ್ವಲ್ಲಿ.

ಪ್ರಶ್ನೆ: ನನ್ನ ಮೈಟ್ರಲ್ ವಾಲ್ವ್ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನದು) ಲೀಕ್ ಒಂದು ಎಕೋದಲ್ಲಿ ಮಾಡರೇಟ್, ಇನ್ನೊಂದ್ರಲ್ಲಿ ಸಿವಿಯರ್. ಯಾವುದು ನಿಜ?

ಉತ್ತರ: ಎರಡು ದಿನವೂ ಬಿಪಿ ಎಷ್ಟಿತ್ತು ಅಂತ ಮೊದ್ಲು ನೋಡಿ. ಬಿಪಿ ಏರಿದಾಗ ಲೀಕೂ ಏರುತ್ತೆ, ಅದಕ್ಕೇ ಎಕೋ ರಿಪೋರ್ಟಲ್ಲಿ ಬಿಪಿ ಬರ್ದಿರಬೇಕು, ಎಷ್ಟೋ ರಿಪೋರ್ಟಲ್ಲಿ ಅದೇ ಇರಲ್ಲ, ನಂಗೆ ಇದು ತುಂಬಾ ಬೇಜಾರಿನ ವಿಷಯ. ಬಣ್ಣದ ಚಿತ್ರ ಕಣ್ಣಲ್ಲೇ ನೋಡಿ ಅಂದಾಜು ಮಾಡಿದ್ರೂ ವ್ಯತ್ಯಾಸ ಬರುತ್ತೆ. ವಾಪಸ್ ಹೋಗೋ ರಕ್ತ ಎಷ್ಟು ಮಿ.ಲೀ. ಅಂತ ಬೇಕಾದ್ರೆ ಎಂಆರ್‌ಐ ಚೆನ್ನಾಗಿ ಹೇಳುತ್ತೆ, ಎದೆಬಡಿತ ಏರುಪೇರಿದ್ರೆ ಮಾತ್ರ ಅದೂ ತಡವರಿಸುತ್ತೆ, ಪೇಸ್‌ಮೇಕರ್ ಇದ್ರೆ ಮೊದ್ಲೇ ಹೇಳಿ. ವಾಲ್ವಿನ ಯಾವ ಭಾಗ ಕೆಟ್ಟಿದೆ, ರಿಪೇರಿ ಆಗುತ್ತಾ ಅಂತ ಗೊತ್ತಾಗಬೇಕಿದ್ರೆ ಗಂಟಲಿಂದ ನಳಿಕೆ ಇಳಿಸಿ ಮಾಡೋ ಎಕೋ, ಅದಕ್ಕೆ ಖಾಲಿ ಹೊಟ್ಟೇಲಿ ಹೋಗಬೇಕು. ಮುಂದಿನ ಸಲ ಹಳೇ ಎರಡೂ ಎಕೋಗಳ ಬರೀ ಪೇಪರ್ ಅಲ್ಲ, ವಿಡಿಯೋ ಇರೋ ಸಿಡಿನೂ ತಗೊಂಡು ಹೋಗಿ.